ಗೋಡೆಯ ಮೇಲಿನ ನಲವತ್ತೆರಡು ನಿಯಮ

ನ್ಯಾಮತಿಯ ಪಂಚಾಕ್ಷರಪ್ಪನವರು ಗಣಿತದ ಮೇಷ್ಟ್ರ ಕೆಲಸದಿಂದ ನಿವೃತ್ತರಾದದ್ದು ೧೯೭೮ರಲ್ಲಿ. ತರ್ಕದಿಂದ ನಿವೃತ್ತರಾಗಲಿಲ್ಲ, ಅದು ಮನೆಯವರ ಗ್ರಹಚಾರ. ನಡುಮನೆಯ ಗೋಡೆಗೆ ನಲವತ್ತೆರಡು ನಿಯಮ ಬರೆದು ಅಂಟಿಸಿದ್ದರು. ಎಲ್ಲವೂ ‘ಹೀಗಿದ್ದರೆ ಹೀಗೆ’ ಎಂಬ ಧಾಟಿಯವು. ಕಣ್ಣಿಗೆ ಬಿದ್ದ ಸಂಗತಿಯನ್ನು ಚೀಟಿಯಲ್ಲಿ ಬರೆಯುವುದು, ಹೊಂದುವ ನಿಯಮ ಹುಡುಕುವುದು, ಬಂದ ತೀರ್ಮಾನವನ್ನೂ ಹೊಸ ಚೀಟಿ ಮಾಡಿ ಮತ್ತೆ ಗೋಡೆಯ ಮುಂದೆ ನಿಲ್ಲುವುದು. ಹೊಸದೇನೂ ಹುಟ್ಟದಾದಾಗ ಊಟಕ್ಕೇಳುವುದು. ಬರೆದ ಚೀಟಿಯನ್ನು ಹರಿಯುವ ಮಾತೇ ಇಲ್ಲ. ಊರಿನವರು ಎದುರಿಗೆ ಭೇಷ್ ಅಂದು ಬೆನ್ನ ಹಿಂದೆ ನಗುತ್ತಿದ್ದರು.

ಮಗಳು ರುದ್ರಾಣಿಯನ್ನು ನೋಡಲು ಸವಳಂಗದಿಂದ ಮಹೇಶ್ವರಪ್ಪ ಎಂಬ ಹುಡುಗ ಬಂದ. ಅವಳಿಗೆ ನೋಡಿದ ಕೂಡಲೇ ಹಿಡಿಸಿದ. ಆದರೆ ತಾಂಬೂಲದ ತಟ್ಟೆ ಮುಂದಿಟ್ಟಾಗ ಆತ ಅಡಿಕೆ ಮುಟ್ಟಲಿಲ್ಲ. ಅಡಿಕೆ ಬೆಳೆಯುವ ಸೀಮೆಯಲ್ಲಿ ಅದೇನು ಸಣ್ಣ ಮಾತೇ? ಮೇಷ್ಟ್ರು ಚೀಟಿ ಬರೆದರು. ಒಂಬತ್ತನೆಯ ನಿಯಮ: ಅಡಿಕೆ ಬೇಡವೆಂದರೆ ಸಂಬಂಧ ಬೇಡ. ಹದಿನೇಳನೆಯದು: ಬೇಡದ ಸಂಬಂಧಕ್ಕೆ ಬಂದವನನ್ನು ಹಿರಿಯರು ದಬ್ಬಿ ಕಳಿಸಿರಬೇಕು. ಮೂವತ್ತನೆಯದು: ಹಾಗೆ ಬಂದವನ ಮನಸ್ಸು ಬೇರೆ ಕಡೆ ಇರುತ್ತದೆ. ಸಂಜೆಯೊಳಗೆ ಚೀಟಿಗೆ ಚೀಟಿ ಸೇರಿ ಪಾಪದ ಹುಡುಗನಿಗೆ ಶಿವಮೊಗ್ಗದಲ್ಲಿ ಇನ್ನೊಂದು ಸಂಸಾರವೇ ಸಿದ್ಧವಾಗಿತ್ತು. ಸಂಬಂಧ ಬೇಡವೆಂದು ಮೇಷ್ಟ್ರು ಕಾಗದ ಬರೆದು ಲಕೋಟೆ ಅಂಟಿಸಿದರು.

ರುದ್ರಾಣಿ ಓಡಿ ಬಂದಳು. “ಅಪ್ಪಾಜಿ, ಅವರು ಬೆಳಿಗ್ಗೆ ಹಲ್ಲು ಕೀಳಿಸ್ಕೊಂಡು ಬಂದಿದ್ರಂತೆ. ಅವರ ತಾಯಿನೇ ಅಮ್ಮಂಗೆ ಹೇಳಿದ್ರು. ದವಡೆ ಊದಿದ್ದು ನೀವು ನೋಡ್ಲಿಲ್ಲೇನು?”

“ಅದನ್ನೂ ಚೀಟಿ ಮಾಡ್ತೀನಿ. ಹಳೇದು ಹರಿಯಾಕೆ ಬರಲ್ಲಮ್ಮ.”

ಅವಳು ಸಿಟ್ಟಿನಿಂದ ಪೆನ್ನು ಕಿತ್ತುಕೊಂಡು ತಾನೇ ಒಂದು ಚೀಟಿ ಬರೆದು ಕೊಟ್ಟಳು: ರುದ್ರಾಣಿಗೆ ಹುಡುಗ ಒಪ್ಪಿಗೆ.

ಮೇಷ್ಟ್ರು ಕನ್ನಡಕ ಏರಿಸಿ ಗೋಡೆಯನ್ನು ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ಮಳೆಗೆ, ನೆಂಟರಿಗೆ, ಸಾಲು ಹಿಡಿದ ಇರುವೆಗೂ ನಿಯಮವಿತ್ತು. ಮಗಳ ಮನಸ್ಸಿನಿಂದ ಶುರುವಾಗುವ ನಿಯಮ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಸಾಕಿದ ಮಗಳು! ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

“ಇದಕ್ಕೆ ನಿಯಮ ಇಲ್ಲಲ್ಲಮ್ಮ,” ಎಂದರು ಮೆಲ್ಲಗೆ.

“ಇಲ್ದಿದ್ರೆ ಬರ್ಕೊಳ್ರಿ. ಆ ಕಾಗದ ಇಲ್ಲಿ ಕೊಡ್ರಿ.”

ಲಕೋಟೆಯನ್ನು ಒಲೆಗೆ ಹಾಕಿ ಬಂದು ರುದ್ರಾಣಿ ನಲವತ್ತಮೂರನೆಯದನ್ನು ಬಿಡಿಸಿ ಬಿಡಿಸಿ ಹೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿ ಬರೆಸಿದ್ದ ಮೇಷ್ಟ್ರು ತಲೆ ತಗ್ಗಿಸಿ ಬರೆದುಕೊಂಡರು.