ಬೆಲ್ಟಕ್ಕ ಕೊಕ್ಕೆ ತೆಗೆಸಿದ ದಿನ

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗಿತ್ತು, ಆದರೆ ಕೆಲಸ ನಡೆಯುತ್ತಿದ್ದ ಆ ಹೊಸ ಕಟ್ಟಡದಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಅಲ್ಲಿನ ಸೇಫ್ಟಿ ಆಫೀಸರ್ ಆಕೆ. ಬೆಳಗಿನಿಂದ ಸಂಜೆಯವರೆಗೆ “ಬೆಲ್ಟ್ ಎಲ್ಲಿ? ಬೆಲ್ಟ್ ಹಾಕ್ಕೊಳ್ಳಿ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಬೆಲ್ಟಕ್ಕ. ಗಂಟಲೆಂದರೆ ಎಂಥ ಗಂಟಲು! ಕಾಂಕ್ರೀಟ್ ಮಿಕ್ಸರಿನ ಸದ್ದನ್ನೂ ಮೀರಿ ಮೇಲಿನ ಮಹಡಿಗೆ ಮುಟ್ಟುತ್ತಿತ್ತು. “ಮನೇಲೂ ಹೀಗೇ ಕೂಗ್ತೀಯಲ್ಲೇ, ನಾನೇನು ತಾರಸಿ ಮೇಲಿದೀನಾ?” ಎಂದು ಅತ್ತೆ ರೇಗಿಸುತ್ತಿದ್ದರು.

ಮೊದಲು ಅವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಕಟ್ಟಡದಿಂದ ಬಿದ್ದವರನ್ನು ತಂದು ಮಲಗಿಸುತ್ತಿದ್ದರು. ನಿನ್ನೆಯವರೆಗೆ ಮೂಟೆ ಹೊತ್ತ ಗಂಡಾಳು ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಕಾಯುವುದನ್ನು ನೋಡಿ ಅವಳಿಗೆ ಸಂಕಟವಾಗುತ್ತಿತ್ತು. “ಬಿದ್ದ ಮೇಲೆ ಎತ್ತಿದ್ದು ಸಾಕು, ಬೀಳೋಕೆ ಮುಂಚೆ ಹಿಡೀಬೇಕು” ಎಂದು ಹಟ ಹಿಡಿದು ಓದಿ, ಪರೀಕ್ಷೆ ಕಟ್ಟಿ, ಈ ಕೆಲಸಕ್ಕೆ ಬಂದಳು. ಬಂದ ಮೇಲೆ ತಿಳಿಯಿತು, ಗಾಯಕ್ಕೆ ಪಟ್ಟಿ ಕಟ್ಟುವುದೇ ಸುಲಭವಿತ್ತು.

ಎತ್ತರದಲ್ಲಿ ಕೆಲಸ ಮಾಡುವವರು ಮೈಗೆ ಸೇಫ್ಟಿ ಬೆಲ್ಟನ್ನೇನೋ ಹಾಕುತ್ತಿದ್ದರು. ಅದರ ಕೊಕ್ಕೆಯನ್ನು ಗಟ್ಟಿ ಆಧಾರಕ್ಕೆ ಸಿಕ್ಕಿಸಬೇಕಲ್ಲ, ಅದು ಮಾತ್ರ ಬೇಜಾರು. ಬೆಲ್ಟಕ್ಕ ಮೆಟ್ಟಿಲು ಹತ್ತುವುದು ಕಂಡರೆ ಯಾರಾದರೊಬ್ಬ ಜೋರಾಗಿ ಕೆಮ್ಮುತ್ತಿದ್ದ, ಕೂಡಲೇ ಟಕಟಕನೆ ಕೊಕ್ಕೆ ಬೀಳುತ್ತಿದ್ದವು. ಅವಳು ಇಳಿದರೆ ಕೊಕ್ಕೆಗಳೂ ಕಳಚುತ್ತಿದ್ದವು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟಾದರೂ ಹೆದರಿಕೆ ಇದೆಯಲ್ಲ ಎಂದು ಒಳಗೊಳಗೇ ಬೀಗುತ್ತಿದ್ದಳು.

ಅವತ್ತು ನಿಂತು ಕೆಲಸ ಮಾಡಲೆಂದು ಹಿಂಬದಿಯ ಗೋಡೆಗೆ ಕಟ್ಟಿದ್ದ ಪೈಪಿನ ಸಾರ್ವೆ ಬಿಚ್ಚುತ್ತಿದ್ದರು. ಕೆಳಗೆ ಯಾರೂ ಸುಳಿಯದಂತೆ ಬೆಲ್ಟಕ್ಕ ಬೆಳಿಗ್ಗೆಯೇ ಹಗ್ಗ ಎಳೆಸಿದ್ದಳು. ಮೇಲೆ ಸಾರ್ವೆಯ ಹಲಗೆಯಲ್ಲಿ ಎಲ್ಲರೂ ಮೀಸೆ ಮಾವ ಎಂದು ಕರೆಯುತ್ತಿದ್ದ ಹಿರಿಯಾಳು. ಸಾರ್ವೆ ಕೆಲಸದಲ್ಲೇ ಮೀಸೆ ಬೆಳ್ಳಗಾದವನು, ಯಾರ ಮಾತಿಗೂ ಸೊಪ್ಪು ಹಾಕದ ಆಸಾಮಿ. ಒಂದು ಪೈಪಿನ ಆ ತುದಿ ಬಿಚ್ಚಿ, ಈ ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಅಷ್ಟರಲ್ಲಿ ಕೆಮ್ಮು ಕೇಳಿಸಿತು. ತಿರುಗಿಯೂ ನೋಡದೆ ಕೈಗೆ ಸಿಕ್ಕಿದ ಪೈಪಿಗೆ ಕೊಕ್ಕೆ ಸಿಕ್ಕಿಸಿದ.

ಬೆಲ್ಟಕ್ಕ ಕಿಟಕಿಗೆಂದು ಬಿಟ್ಟಿದ್ದ ತೆರೆದ ಜಾಗಕ್ಕೆ ಬಂದು ನೋಡಿದಳು. ಅಯ್ಯೋ ಪುಣ್ಯಾತ್ಮ! ಬಿಚ್ಚುತ್ತಿದ್ದ ಪೈಪಿಗೇ ಕೊಕ್ಕೆ ಹಾಕಿಕೊಂಡಿದ್ದಾನೆ. ಇನ್ನೊಂದು ತಿರುವು ಸಾಕು, ಪೈಪು ಕಳಚಿ ಅವನನ್ನೂ ಎಳೆದುಕೊಂಡೇ ಹೋಗುತ್ತದೆ. ಕೂಗಿದರೆ ಬೆಚ್ಚಿಬೀಳುತ್ತಾನೆ, ಕೂಗದಿದ್ದರೆ ಸ್ಪ್ಯಾನರ್ ತಿರುಗಿಸುತ್ತಾನೆ.

ಅವಳು ಮಗುವನ್ನು ಮಲಗಿಸುವವಳಂತೆ ಮೆಲ್ಲಗೆ ಕರೆದಳು. “ಮಾವ, ಕೈ ಅಲ್ಲೇ ನಿಲ್ಸಿ.”

ಆ ದನಿ ಕೇಳಿಯೇ ಮಾವನಿಗೆ ಗಾಬರಿ. “ಯಾಕಮ್ಮಾ, ಮೈ ಹುಷಾರಿಲ್ವಾ?”

“ಚೆನ್ನಾಗಿದೀನಿ. ಎಡಗೈಲಿ ಈ ಗೋಡೆ ಅಂಚು ಹಿಡ್ಕೊಳ್ಳಿ. ಹಾಂ, ಗಟ್ಟಿಯಾಗಿ. ಈಗ ಕೊಕ್ಕೆ ತೆಗೀರಿ.”

“ತೆಗೀಬೇಕಾ? ನೀನು ಹೇಳ್ತಿದೀಯಾ?” ಮಾವ ನಕ್ಕೇಬಿಟ್ಟ.

“ನಾನೇ ಹೇಳ್ತಿದೀನಿ. ನನ್ನಾಣೆ, ತೆಗೀರಿ ಮಾವ.”

ಅವನು ಕೊಕ್ಕೆ ತೆಗೆದ. ಅವಳು ಅದನ್ನು ಕಿತ್ತುಕೊಂಡು, ಒಳಗಿನ ಕಂಬಕ್ಕೆ ಬಿಗಿದ ಹಗ್ಗಕ್ಕೆ ಸಿಕ್ಕಿಸಿ, ಅವನ ತೋಳು ಹಿಡಿದು ಒಳಗೆಳೆದಳು. ಅವನ ಮೊಣಕಾಲು ತಗುಲಿತೋ ಏನೋ, ಪೈಪು ಜಾರಿತು. ಮಹಡಿ ಮಹಡಿಗೂ ಬಡಿದುಕೊಳ್ಳುತ್ತಾ ಕೆಳಗೆ ಹೋಗಿ ಮಣ್ಣಿನಲ್ಲಿ ನೆಟ್ಟುಕೊಂಡಿತು.

ಮಾವ ನೆಲದ ಮೇಲೆ ಕೂತ. ಬೆಲ್ಟಕ್ಕನೂ ಪಕ್ಕದಲ್ಲೇ ಕೂತಳು. ಅವನು ನೀರು ಕೇಳಿದ, ಅವಳು ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ‘ನನಗೆ ಹೆದರಿ ಹಾಕಿದ ಕೊಕ್ಕೆ ಅದು, ನಾನು ಬರದೇ ಇದ್ದಿದ್ದರೆ ಇವನು ಅದಕ್ಕೆ ಹಾಕುತ್ತಲೇ ಇರಲಿಲ್ಲ’ ಎಂದು ಹೊಳೆದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ತನ್ನ ತಲೆಗೆ ಸುತ್ತಿದ ಟವೆಲನ್ನೇ ಬಿಚ್ಚಿ ಕೊಟ್ಟ.

ಮರುದಿನ ಕೆಲಸಕ್ಕೆ ಮುಂಚೆ ಎಲ್ಲರೂ ಸೇರಿದಾಗ ಬೆಲ್ಟಕ್ಕ ಮಾತಾಡಲು ಎದ್ದು ನಿಂತಳು. ಅವಳಿಗಿಂತ ಮೊದಲು ಮಾವನೇ ಮುಂದೆ ಬಂದ.

“ನಿನ್ನೆ ಬೀಳೋ ಪೈಪಿಗೇ ನನ್ನ ನಾನೇ ಕಟ್ಕೊಂಡಿದ್ದೆ. ಇವಳ ಕಣ್ಣಿಗೆ ಕಾಣ್ಲಿ ಅಂತ. ಸತ್ತಿದ್ರೆ ಇವಳು ನಾಕು ದಿನ ಅಳ್ತಿದ್ಲು. ನನ್ನ ಹೆಂಡ್ತಿ?” ಮೀಸೆ ತಿರುವಿ ಸಾವರಿಸಿಕೊಂಡ. “ಇನ್ಮೇಲೆ ಇವಳಿಗೋಸ್ಕರ ಯಾರಾದ್ರೂ ಕೊಕ್ಕೆ ಹಾಕಿದ್ರೆ ನಾನೇ ಕಪಾಳಕ್ಕೆ ಬಿಡ್ತೀನಿ!”

ಎಲ್ಲರೂ ನಕ್ಕರು. ನಗುತ್ತಲೇ ಸಾರ್ವೆ ಹತ್ತಿದರು. ಬೆಲ್ಟಕ್ಕ ಕೆಳಗೆ ನಿಂತು, ಬಾಯಿ ಬಿಡದೆ ನೋಡಿದಳು. ಮಾವ ಒಂದು ಪೈಪನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದ, ಗಟ್ಟಿ ಇತ್ತು, ಕೊಕ್ಕೆ ಹಾಕಿದ. ಪಕ್ಕದವನೂ ಜಗ್ಗಿ ನೋಡಿದ. ಅವನಾಚೆಯವನೂ ಜಗ್ಗಿದ. ಅವರಲ್ಲಿ ಒಬ್ಬರೂ ಅವಳ ಕಡೆ ತಿರುಗಿ ನೋಡಲಿಲ್ಲ.