ಅತ್ತೆಯ ಎಡಗಿವಿ

ಐವತ್ತು ದಾಟಿದ ಮೇಲೆ ನಮ್ಮ ಅತ್ತೆಗೆ ಹಾರುವ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಅವಳಿಗಿದ್ದದ್ದು ಪಿಟೀಲಿನ ಹುಚ್ಚು ಒಂದೇ. ಹಗಲೆಲ್ಲ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಿದ್ದಳು, ಸಂಜೆ ನಮ್ಮ ಮನೆಗೆ ಬಂದು ಅಪ್ಪನ ಕೊಳಲಿನ ಜೊತೆ ನುಡಿಸುತ್ತಿದ್ದಳು. ಅಣ್ಣ ತಂಗಿ ಚಿಕ್ಕಂದಿನಿಂದ ಒಟ್ಟಿಗೆ ನುಡಿಸಿದವರು. ಸಣ್ಣಪುಟ್ಟ ಸಭೆಗಳಿಗೆ ಅವರನ್ನು ಕರೆಯುತ್ತಿದ್ದರು. "ಇವರಿಬ್ಬರು ಜಗಳಾನೂ ಶ್ರುತಿ ಸೇರಿಸಿಕೊಂಡೇ ಆಡೋದು" ಎಂದು ಅಮ್ಮ ನಗುತ್ತಿದ್ದಳು.

ಊರಾಚೆಯ ಬಯಲಿನಲ್ಲಿ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರೊಬ್ಬರು ಒಂದು ದಿನ ಅಂಗಡಿಗೆ ಬಂದರು. ದೂರದ್ದೆಲ್ಲ ಮಸುಕಾಗುತ್ತಿದೆ ಎಂದರು. ಅತ್ತೆ ಉಜ್ಜಿಕೊಟ್ಟ ಕನ್ನಡಕ ಹಾಕಿಕೊಂಡು ಬೀದಿಯ ಕೊನೆಯ ಬೋರ್ಡು ಓದಿ ಖುಷಿಯಾಗಿ, "ಬನ್ನಿ, ಒಂದ್ಸಲ ಮೇಲಿಂದ ಊರು ತೋರಿಸ್ತೀನಿ" ಅಂದರು. ಅತ್ತೆ ಹೋದಳು. ಆಮೇಲೆ ಪ್ರತಿ ಭಾನುವಾರ ಹೋದಳು.

"ಕಣ್ಣು ಕಾಣದವರು ಕಲಿಸ್ತಾರಂತೆ, ಇವಳು ಕಲೀತಾಳಂತೆ" ಎಂದು ಅಮ್ಮ ಗೊಣಗಿದಳು.

ನಾನೂ ಒಮ್ಮೆ ಹೋಗಿ ನೋಡಿದೆ. ವಿಮಾನ ಅನ್ನುವುದಕ್ಕೇ ನಾಚಿಕೆಯಾಗುವಂಥದ್ದು. ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ಮೇಲೆ ಒಂದರ ಹಿಂದೊಂದು ಎರಡು ಸೀಟು, ಬೆನ್ನಿಗಂಟಿಕೊಂಡಂತೆ ಎಂಜಿನ್ನು, ಅದರ ಹಿಂದೆ ಫ್ಯಾನು. ಗೋಡೆಯಿಲ್ಲ, ಬಾಗಿಲಿಲ್ಲ. ಎಂಜಿನ್ ಶುರುವಾದರೆ ಎದೆಯೊಳಗಿನ ಮೂಳೆಯೆಲ್ಲ ನಡುಗುತ್ತಿತ್ತು. ಕಿವಿ ಪೂರ್ತಿ ಮುಚ್ಚುವ ಹೆಲ್ಮೆಟ್ಟು ಕೊಡುತ್ತಿದ್ದರು. ಅತ್ತೆ ಅದರ ಎಡಗಡೆಯ ಮುಚ್ಚಳವನ್ನು ಕಿವಿಯ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದಳು.

"ಮುಚ್ಕೊಳ್ಳಿ ಅಮ್ಮಾ, ಕಿವಿ ಹೋಗತ್ತೆ" ಎಂದು ಮೇಷ್ಟ್ರು ಕೂಗಿದರು.

"ಎಂಜಿನ್ ಕೇಳಿಸ್ದೆ ಹೇಗೆ ಹಾರಿಸ್ಲಿ? ತಾಳ ಕೇಳಿಸ್ದೆ ನುಡಿಸಿದ ಹಾಗಾಗತ್ತೆ" ಅಂದಳು ಅತ್ತೆ.

ಒಬ್ಬಳೇ ಹಾರಿಸುವಷ್ಟು ಪಳಗಿದ ಮೇಲೆ ಹೇಳುವವರೂ ಇಲ್ಲವಾದರು. ಮಳೆಗಾಲ ಬಿಟ್ಟರೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು.

ಮೊದಲು ಗಮನಿಸಿದ್ದು ಅಪ್ಪ. ಒಂದು ಸಂಜೆ ಕೊಳಲು ಕೆಳಗಿಟ್ಟು, "ಪುಟ್ಟೀ, ಮೇಲಿನ ತಂತಿ ಒಂಚೂರು ಏರಿದೆ ನೋಡು" ಅಂದ.

ಅತ್ತೆ ಮೀಟಿ ನೋಡಿದಳು. "ಸರಿಯಾಗೇ ಇದೆಯಲ್ಲ."

"ಇಲ್ಲ."

"ನಿನ್ನ ಕೊಳಲೇ ಇಳಿದಿರಬೇಕು. ನಿಂಗೂ ವಯಸ್ಸಾಯ್ತು ಅಣ್ಣ."

ಇಬ್ಬರೂ ನಕ್ಕರು. ಆದರೆ ಮುಂದಿನ ವಾರವೂ ತಂತಿ ಏರಿತ್ತು, ಅದರ ಮುಂದಿನ ವಾರವೂ. ಅಪ್ಪ ಮತ್ತೆ ಬಾಯಿ ಬಿಡಲಿಲ್ಲ. ನುಡಿಸುವಾಗ ಹಲ್ಲು ನೋವು ಬಂದವನ ಹಾಗೆ ಮುಖ ಹಿಂಡಿಕೊಳ್ಳುತ್ತಿದ್ದ, ಅಷ್ಟೇ. ಸಭೆಗಳಿಗೆ ಕರೆ ಬಂದರೆ ಏನೋ ನೆಪ ಹೇಳಿ ತಪ್ಪಿಸತೊಡಗಿದ. ಅಂಗಡಿಯಲ್ಲಿ ಹಿಂದಿನಿಂದ ಕರೆದರೆ ಅವಳು ಓಗೊಡುವುದಿಲ್ಲ ಎಂಬ ಮಾತು ಯಜಮಾನನಿಂದ ನಮ್ಮ ಕಿವಿಗೂ ಬಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ಅಪ್ಪನೇ, "ಇವತ್ತು ನಾನೂ ಬರ್ತೀನಿ, ಹಿಂದೆ ಕೂರಿಸ್ಕೋ" ಅಂದ. ಮೇಲೆ ಹೋದಾಗಲಾದರೂ ಅವಳಿಗೆ ಹೇಳಿಬಿಡಬೇಕೆಂದು ಮನಸ್ಸಿನಲ್ಲಿತ್ತಂತೆ. ಮುಂದಿನದನ್ನು ಇಬ್ಬರೂ ಆಮೇಲೆ ಹೇಳಿದರು.

ಊರಿನ ನೀರಿನ ಟ್ಯಾಂಕು ದಾಟಿ, ಕಲ್ಲುಗಣಿ ದಾಟಿ, ಮರಗಳ ಮೇಲೆ ಬಂದಿದ್ದರು. ಎಂಜಿನ್ನಿನ ಅಬ್ಬರದ ಮೇಲೆ ಕೂದಲೆಳೆಯಷ್ಟು ಸಣ್ಣ ಸಿಳ್ಳೊಂದು ಅಪ್ಪನಿಗೆ ಹೆಲ್ಮೆಟ್ಟಿನೊಳಗೂ ಕೇಳಿಸಿತು.

"ಪುಟ್ಟೀ, ಏನದು ಸಿಳ್ಳು?" ಹೆಲ್ಮೆಟ್ಟಿನ ಮೈಕಿನಲ್ಲಿ ಕೇಳಿದ.

"ಯಾವ ಸಿಳ್ಳು? ಗಾಳಿ ಅಣ್ಣ, ಹೆದರ್ಬೇಡ."

"ಗಾಳಿಯಲ್ಲ. ಎಂಜಿನ್ನಿಂದ ಬರ್ತಿದೆ. ಏರ್ತಾ ಇದೆ."

ಅತ್ತೆ ಎಡಗಿವಿಯ ಮುಚ್ಚಳ ಇನ್ನಷ್ಟು ಸರಿಸಿ ಆಲಿಸಿದಳು. ಏನೂ ಇಲ್ಲ. ಎದುರಿನ ಮೀಟರುಗಳ ಮುಳ್ಳುಗಳೆಲ್ಲ ಇರಬೇಕಾದ ಕಡೆಯೇ ಇದ್ದವು. ಬೈಯಲೆಂದೇ ಹಿಂದಕ್ಕೆ ತಿರುಗಿದಳು. ಅಪ್ಪನ ಮುಖ ಕಂಡಿತು, ಹಲ್ಲು ನೋವು ಬಂದವನ ಮುಖ. ಎಷ್ಟೋ ಸಂಜೆಗಳಿಂದ ಆ ಮುಖವನ್ನು ನೋಡುತ್ತ, ಯಾಕೆಂದು ಕೇಳದೆ ಉಳಿದಿದ್ದಳು. ವಿಮಾನವನ್ನು ಬಯಲಿನ ಕಡೆಗೆ ಹೊರಳಿಸಿದಳು.

ಬಯಲು ಮುಟ್ಟಲಿಲ್ಲ. ಮರಗಳು ಮುಗಿಯುತ್ತಿದ್ದಂತೆ ಕಬ್ಬಿಣ ಕಬ್ಬಿಣವನ್ನು ಕಚ್ಚಿದಂಥ ಸದ್ದಾಗಿ ಫ್ಯಾನು ನಿಂತೇಹೋಯಿತು. ಗಾಳಿಯ ಸುಯ್ಲು ಮಾತ್ರ ಉಳಿಯಿತು. ಕೊಯ್ದ ಹೊಲವೊಂದನ್ನು ಹುಡುಕಿ ಇಳಿಸಿದಳು. ಮುಂದಿನ ಚಕ್ರ ಕಾಲುವೆಗೆ ಬಿದ್ದು ಎಲ್ಲ ಪಕ್ಕಕ್ಕೆ ಮಗುಚಿತು. ಅಪ್ಪನ ಹೆಗಲ ಮೂಳೆ ಮುರಿಯಿತು.

ಜನ ಓಡಿಬರುವ ತನಕ ಇಬ್ಬರೂ ಕೂಳೆಯ ಮೇಲೆ ಕೂತಿದ್ದರು.

"ಯಾವ ಸ್ವರ ಅಣ್ಣ?"

"ತುಂಬ ಮೇಲಿನದು. ನಿನ್ನ ಸಣ್ಣ ತಂತಿಗಿಂತ ಎಷ್ಟೋ ಮೇಲೆ."

"ನಂಗೆ ಕೇಳಿಸ್ಲೇ ಇಲ್ಲ."

"ಗೊತ್ತು" ಅಂದ ಅಪ್ಪ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಹೋಯಿತು, ಇರುವುದನ್ನು ಕಾಪಾಡಿಕೊಳ್ಳಿ ಅಂದರು. ಇನ್ನಾದರೂ ಹಾರುವುದನ್ನು ಬಿಡುತ್ತಾಳೆ ಎಂದುಕೊಂಡೆವು. ಅವಳು ಬಿಟ್ಟದ್ದು ಪಿಟೀಲನ್ನು. ತಂತಿ ಸಡಿಲಿಸಿ, ಬಟ್ಟೆಯಲ್ಲಿ ಸುತ್ತಿ, ನಮ್ಮ ಕಪಾಟಿನ ಮೇಲಿಟ್ಟಳು.

"ತಪ್ಪು ನುಡಿಸಿದ್ದು ನಂಗೇ ತಿಳೀದಿದ್ರೆ ಯಾಕೆ ನುಡಿಸ್ಬೇಕು? ಹಾರೋದಕ್ಕೆ ಕಣ್ಣು ಸಾಕು" ಅಂದಳು. ಅಮ್ಮ ಅತ್ತಳು, ಬೈದಳು, ಮಾತು ಬಿಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಹೊಸ ಎಂಜಿನ್ ಬಂದ ಮೇಲೆ ಮತ್ತೆ ಹಾರತೊಡಗಿದಳು, ಎರಡೂ ಕಿವಿ ಮುಚ್ಚಿಕೊಂಡು. ಮೇಷ್ಟ್ರು ಎಂಜಿನ್ನನ್ನು ಬಿಚ್ಚಿ ನೋಡಿ ಸರಿಯಿದೆ ಎಂದರೂ ಅವಳಿಗೆ ಸಾಲದು. ಭಾನುವಾರ ಅಪ್ಪ ಜೊತೆಗೆ ಹೋಗಲೇಬೇಕು. ಎಂಜಿನ್ ಶುರು ಮಾಡಿ ಅವಳು ಸೀಟಿನಲ್ಲಿ ಕಾಯುತ್ತಾಳೆ. ಅಪ್ಪ ಒಂದು ಸುತ್ತು ಬಂದು, ಕಣ್ಣು ಮುಚ್ಚಿ, ಬರಿಗಿವಿಯಲ್ಲಿ ಆಲಿಸುತ್ತಾನೆ. ಅವನು ತಲೆಯಾಡಿಸಿದರೆ ಹೊರಡುತ್ತಾಳೆ. ಇದುವರೆಗೆ ಒಂದು ವಾರವೂ ಬೇಡವೆಂದಿಲ್ಲ.

ಈಚೆಗೆ ಅಮ್ಮ ಅಡುಗೆಮನೆಯಿಂದ ಕರೆದರೆ ಅಪ್ಪ ತಿರುಗುವುದು ಎರಡನೆಯ ಕರೆಗೆ. ಕೇಳಿದರೆ ನಲ್ಲಿ ಸದ್ದು ಜಾಸ್ತಿ ಅನ್ನುತ್ತಾನೆ. ನಿನ್ನೆ ನಲ್ಲಿಯಲ್ಲಿ ನೀರೇ ಇರಲಿಲ್ಲ.