ಬೆರಳು ನೆಟ್ಟಗಿದ್ದ ದಿನ

ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಸಂಧಿವಾತ ಅಂಟಿಕೊಂಡಿತು. ನಿನ್ನೆ ಸರಿಯಿದ್ದ ಬೆರಳು ಇವತ್ತು ಊದಿಕೊಂಡು ಬ್ರಷ್ ಹಿಡಿಯಲಾಗದು. ನಾಳೆ ಏನೂ ಆಗಿಲ್ಲವೆಂಬಂತೆ ನೆಟ್ಟಗಿರುವುದು. ಇದು ಗೊತ್ತಿದ್ದದ್ದು ಅವಳ ಜೊತೆ ಕೆಲಸ ಮಾಡುತ್ತಿದ್ದ ತಂಗಿಗೆ ಮಾತ್ರ. "ಯಾರಿಗೂ ಬಾಯಿ ಬಿಡ್ಬೇಡ ಕಣೆ" ಎಂದಿದ್ದಳು.

ಔಷಧಿ ಅಂಗಡಿಯ ದೊಡ್ಡ ಬೋರ್ಡು ಬರೆಯಬೇಕಿದ್ದ ದಿನ ಬೆರಳುಗಳು ನೆಟ್ಟಗಿದ್ದವು. ಹುರುಪಿನಿಂದ ಹೋದರೆ ಏಣಿಯ ಮೇಲೆ ತಂಗಿ ನಿಂತಿದ್ದಳು. ಅರ್ಧ ಹೆಸರು ಆಗಲೇ ಮುಗಿದಿತ್ತು.

"ನಿಮ್ಮ ಕೈ ಆಡಲ್ವಂತೆ. ಇನ್ಮೇಲೆ ಎಲ್ಲಾ ನಾನೇ ಬರೀತೀನಿ ಅಂದ್ರು ನಿಮ್ಮ ತಂಗಿ" ಎಂದ ಅಂಗಡಿಯವನು.

ತಂಗಿ ಕೆಳಗಿಳಿಯಲಿಲ್ಲ. "ನಿನ್ನ ಕೈ ಯಾವತ್ತು ಕೈಕೊಡುತ್ತೋ ಯಾರಿಗೆ ಗೊತ್ತಕ್ಕಾ? ನಾನೆಷ್ಟು ದಿನ ಸುಳ್ಳು ಹೇಳ್ಲಿ?"

"ಕೈ ಕೈಕೊಡೋದು ನಂಗೆ ಅಭ್ಯಾಸ ಆಗಿದೆ ಕಣೆ. ನೀನೂ ಕೈಕೊಡ್ತೀಯ ಅಂದ್ಕೊಂಡಿರಲಿಲ್ಲ."

ಅವಳು ತನ್ನ ಬ್ರಷ್‌ಗಳನ್ನು ಎತ್ತಿಕೊಂಡು ಮನೆಗೆ ಬಂದಳು. ಇಡೀ ದಿನ ಬೆರಳುಗಳು ಚೆನ್ನಾಗಿಯೇ ಇದ್ದವು. ಅದೇ ಅವಳನ್ನು ಹೆಚ್ಚು ಅಳಿಸಿತು.

ಈಗ ಒಬ್ಬಳೇ ಬರೆಯುತ್ತಾಳೆ. "ಕೆಲವು ದಿನ ಬರೋಕಾಗಲ್ಲ, ಯಾವ ದಿನ ಅಂತ ನಂಗೂ ಗೊತ್ತಿಲ್ಲ" ಎಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡುತ್ತಾಳೆ. ಹತ್ತರಲ್ಲಿ ಇಬ್ಬರು ಒಪ್ಪುತ್ತಾರೆ. ತಂಗಿ ಫೋನ್ ಮಾಡಿದರೆ ಎತ್ತುವುದಿಲ್ಲ.